ನ್ಯಾಯಮೂರ್ತಿ ಸೈಯದ್ ಫಝಲ್ ಅಲಿ: ಒಂಟಿಯಾಗಿ ಬರೆದ ತೀರ್ಪು

ಫಝಲ್ ಅಲಿ ಎಂಬ ಹೆಸರು ಕನ್ನಡಿಗರಿಗೆ ಹೊಸತಲ್ಲ. ಕರ್ನಾಟಕ ಏಕೀಕರಣದ ಪಾಠ ಓದಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಫಝಲ್ ಅಲಿ ಆಯೋಗದ ಹೆಸರನ್ನು ಪರೀಕ್ಷೆಯಲ್ಲಿ ಒಮ್ಮೆಯಾದರೂ ಬರೆದಿರುತ್ತಾನೆ. ಪರೀಕ್ಷೆ ಮುಗಿದ ಮೇಲೆ ಆ ಹೆಸರು ಮರೆತು ಹೋಗುತ್ತದೆ. ಆದರೆ ಈ ವ್ಯಕ್ತಿ ಆಯೋಗದ ಅಧ್ಯಕ್ಷರಾಗುವ ಮೂರು ವರ್ಷ ಮೊದಲು, ಸುಪ್ರೀಂ ಕೋರ್ಟಿನ ನ್ಯಾಯಪೀಠದಲ್ಲಿ ಕುಳಿತು ಒಂದು ಭಿನ್ನ ತೀರ್ಪು ಬರೆದಿದ್ದರು. ಅಂದು ಅದಕ್ಕೆ ಬಹುಮತ ದೊರೆಯಲಿಲ್ಲ, ಅದರಿಂದ ಯಾರೂ ಬಿಡುಗಡೆಯಾಗಲೂ ಇಲ್ಲ. ಅವರು ತೀರಿಕೊಂಡು ಹತ್ತೊಂಬತ್ತು ವರ್ಷಗಳಾಗುವ ಹೊತ್ತಿಗೆ ಅದೇ ವಿಚಾರ ಈ ದೇಶದ ಕಾನೂನಾಯಿತು. ಇಂದು ಯಾವ ಪ್ರಜೆಯನ್ನಾದರೂ ಅನ್ಯಾಯವಾಗಿ ಬಂಧಿಸಿದರೆ, ಅವನ ವಕೀಲ ಎತ್ತುವ ವಾದದ ಬೇರು ಆ ತೀರ್ಪಿನಲ್ಲಿದೆ.

ಇಸ್ಲಾಮಿನಲ್ಲಿ ನ್ಯಾಯಾಧೀಶನ ಹುದ್ದೆ ಎಷ್ಟು ಗೌರವದ್ದೋ ಅಷ್ಟೇ ಭಯದ್ದು. ನ್ಯಾಯಾಧೀಶರಲ್ಲಿ ಮೂರು ವಿಧದವರಿದ್ದಾರೆಂದೂ, ಅವರಲ್ಲಿ ಸತ್ಯವನ್ನರಿತು ಅದರಂತೆ ತೀರ್ಪಿತ್ತವನು ಮಾತ್ರ ಸ್ವರ್ಗಕ್ಕೆ ಅರ್ಹನೆಂದೂ ಪ್ರವಾದಿ(ಸ)ರವರು ಎಚ್ಚರಿಸಿದ್ದಾರೆ. ಸತ್ಯ ತಿಳಿದಿದ್ದೂ ಅದಕ್ಕೆ ವಿರುದ್ಧ ನಡೆದವನಿಗೂ ತಿಳಿಯದೆಯೇ ತೀರ್ಪು ಕೊಟ್ಟವನಿಗೂ ನರಕದ ಭಯವಿದೆ. ಇಮಾಮ್ ಅಬೂ ಹನೀಫಾ(ರ)ರಂತಹ ಮಹಾ ವಿದ್ವಾಂಸರು ಖಾಝಿಯ ಹುದ್ದೆಯನ್ನು ನಿರಾಕರಿಸಿ ಸೆರೆಮನೆಯನ್ನೇ ಆಯ್ದುಕೊಂಡರು. ಅದೇ ವೇಳೆ, ಪ್ರಾಮಾಣಿಕವಾಗಿ ಶ್ರಮಿಸಿ ತೀರ್ಪು ಕೊಡುವ ನ್ಯಾಯಾಧೀಶನು ಸರಿಯಾದರೆ ಅವನಿಗೆ ಎರಡು ಪ್ರತಿಫಲ, ತಪ್ಪಿದರೂ ಒಂದು ಪ್ರತಿಫಲವಿದೆಯೆಂಬ ಸುವಾರ್ತೆಯೂ ಹದೀಸ್‌ನಲ್ಲಿದೆ. ಈ ಭಯ ಮತ್ತು ಈ ಭರವಸೆ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ನಾವು ಫಝಲ್ ಅಲಿಯವರ ಬದುಕನ್ನು ನೋಡೋಣ.

ಬಿಹಾರದಿಂದ ದಿಲ್ಲಿಗೆ

ಸೈಯದ್ ಫಝಲ್ ಅಲಿಯವರು 1886ರ ಸೆಪ್ಟೆಂಬರ್ 19ರಂದು ಜನಿಸಿದರು. ಅವರದು ಬಿಹಾರದ ಜಮೀನ್ದಾರಿ ಮನೆತನ. ಕಾನೂನು ಓದಿ ವಕೀಲಿ ವೃತ್ತಿಗಿಳಿದ ಅವರು ಮುಂದೆ ಪಾಟ್ನಾ ಹೈಕೋರ್ಟಿನ ನ್ಯಾಯಾಧೀಶರಾದರು. 1943ರಲ್ಲಿ ಅದೇ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾದರು. ಬ್ರಿಟಿಷ್ ಸರಕಾರ ಅವರಿಗೆ ಖಾನ್ ಬಹಾದುರ್ ಮತ್ತು ಸರ್ ಪದವಿಗಳನ್ನು ಕೊಟ್ಟಿತ್ತು.

ಸರಕಾರ ಪದವಿ ಕೊಟ್ಟ ವ್ಯಕ್ತಿ ಸರಕಾರದ ಮನಸ್ಸಿಗೆ ಒಪ್ಪುವುದನ್ನೇ ಹೇಳಬೇಕೆಂದಿಲ್ಲ. 1946ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನೌಕಾಪಡೆಯ ಭಾರತೀಯ ನಾವಿಕರು ದಂಗೆಯೆದ್ದರು. ಅದರ ಕಾರಣಗಳನ್ನು ತನಿಖೆ ಮಾಡಲು ಸರಕಾರ ನೇಮಿಸಿದ ಆಯೋಗಕ್ಕೆ ಫಝಲ್ ಅಲಿಯವರೇ ಅಧ್ಯಕ್ಷರು. ಅದರಲ್ಲಿ ಇಬ್ಬರು ಬ್ರಿಟಿಷ್ ಸೇನಾಧಿಕಾರಿಗಳೂ ಸದಸ್ಯರಾಗಿದ್ದರು. ನಾವಿಕರನ್ನು ಬರೀ ದ್ರೋಹಿಗಳೆಂದು ಕರೆದು ಕಡತ ಮುಚ್ಚುವುದು ಸುಲಭವಿತ್ತು. ಆಯೋಗ ಹಾಗೆ ಮಾಡಲಿಲ್ಲ. ಕೆಟ್ಟ ಊಟ, ಸಂಬಳದ ತಾರತಮ್ಯ, ಮೇಲಧಿಕಾರಿಗಳ ಅವಮಾನಕರ ವರ್ತನೆ, ವರ್ಣಭೇದ ಇವುಗಳನ್ನು ಅದು ದಾಖಲಿಸಿತು. ಆ ಆಯೋಗದಲ್ಲಿ ಲಾಹೋರಿನ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಕೂಡ ಇದ್ದರು. ಈ ಹೆಸರು ನಮ್ಮ ಕಥೆಯಲ್ಲಿ ಇನ್ನೊಮ್ಮೆ ಬರಲಿದೆ.

1947ರಲ್ಲಿ ಫಝಲ್ ಅಲಿಯವರು ದಿಲ್ಲಿಯ ಫೆಡರಲ್ ಕೋರ್ಟಿನ ನ್ಯಾಯಾಧೀಶರಾದರು. ಅದೇ ವರ್ಷ ದೇಶ ವಿಭಜನೆಯಾಯಿತು. ಅವರು ಭಾರತದಲ್ಲೇ ಉಳಿದರು. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಾಗ ಫೆಡರಲ್ ಕೋರ್ಟು ಸುಪ್ರೀಂ ಕೋರ್ಟಾಯಿತು. ಆಗ ಅದರಲ್ಲಿದ್ದ ನ್ಯಾಯಾಧೀಶರು ಕೇವಲ ಆರು ಮಂದಿ: ಮುಖ್ಯ ನ್ಯಾಯಮೂರ್ತಿ ಕಾನಿಯಾ, ಫಝಲ್ ಅಲಿ, ಪತಂಜಲಿ ಶಾಸ್ತ್ರಿ, ಮಹಾಜನ್, ಮುಖರ್ಜಿ ಮತ್ತು ಎಸ್.ಆರ್. ದಾಸ್. ಆರು ಮಂದಿಯಲ್ಲಿ ಮುಸ್ಲಿಮರು ಫಝಲ್ ಅಲಿಯವರೊಬ್ಬರೇ. ಕೋರ್ಟಿಗೆ ಆಗ ಸ್ವಂತ ಕಟ್ಟಡವೂ ಇರಲಿಲ್ಲ. ಸಂಸತ್ ಭವನದಲ್ಲಿ ಹಿಂದೆ ರಾಜಮಹಾರಾಜರ ಸಭೆ ಸೇರುತ್ತಿದ್ದ ಕೋಣೆಯಲ್ಲಿ ಅದರ ಕಲಾಪ ನಡೆಯುತ್ತಿತ್ತು.

ಒಂದು ಪದದ ಅರ್ಥ

ಮುಂದಿನ ವಿಷಯ ಅರ್ಥವಾಗಬೇಕಾದರೆ ಸ್ವಲ್ಪ ಹಿನ್ನೆಲೆ ಬೇಕು. ಪ್ರಜಾಪ್ರಭುತ್ವದಲ್ಲಿ ಕಾನೂನು ಮಾಡುವವರು ಜನ ಆರಿಸಿ ಕಳುಹಿಸಿದ ಪ್ರತಿನಿಧಿಗಳು. ನ್ಯಾಯಾಧೀಶರನ್ನು ಜನ ಆರಿಸುವುದಿಲ್ಲ. ಅವರ ಕೆಲಸ ಕಾನೂನಿನ ಮಾತಿಗೆ ಅರ್ಥ ಹೇಳುವುದು. ಆದರೆ ಅರ್ಥ ಹೇಳುವುದು ಎಲ್ಲಿ ಮುಗಿಯುತ್ತದೆ, ಹೊಸ ಕಾನೂನು ಮಾಡುವುದು ಎಲ್ಲಿ ಆರಂಭವಾಗುತ್ತದೆ ಎಂಬುದು ಹಳೆಯ ಪ್ರಶ್ನೆ.

ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ನ್ಯಾಯಾಧೀಶರು ಕೊಟ್ಟ ತೀರ್ಪುಗಳೇ ಒಂದರ ಮೇಲೊಂದು ಸೇರಿ ಕಾನೂನಾಗಿ ಬೆಳೆದವು. ಇದನ್ನು ಕಾಮನ್ ಲಾ ಎನ್ನುತ್ತಾರೆ. ಬ್ರಿಟಿಷರ ಕೋರ್ಟುಗಳ ಮೂಲಕ ಈ ಪದ್ಧತಿ ನಮ್ಮ ದೇಶಕ್ಕೂ ಬಂತು. ಆರೋಪ ಹೊತ್ತವನಿಗೆ ಆರೋಪವೇನೆಂದು ತಿಳಿಸಬೇಕು, ಅವನ ಮಾತನ್ನು ಕೇಳದೆ ಶಿಕ್ಷಿಸಬಾರದು, ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು ಎಂಬ ನಿಯಮಗಳು ಹೀಗೆ ಬೆಳೆದು ಬಂದವು. ಇವನ್ನು ಸಹಜ ನ್ಯಾಯದ ತತ್ವಗಳೆನ್ನುತ್ತಾರೆ. ಮುಸ್ಲಿಮರಿಗೆ ಇದು ಅಪರಿಚಿತ ವಿಚಾರವಲ್ಲ. ಹಝ್ರತ್ ಅಲಿ(ರ)ರನ್ನು ಯಮನ್‌ಗೆ ನ್ಯಾಯಾಧೀಶರಾಗಿ ಕಳುಹಿಸುವಾಗ, ಇಬ್ಬರು ವ್ಯಾಜ್ಯ ತಂದರೆ ಒಬ್ಬನ ಮಾತು ಕೇಳಿದಂತೆಯೇ ಇನ್ನೊಬ್ಬನ ಮಾತನ್ನೂ ಕೇಳುವ ತನಕ ತೀರ್ಪು ಕೊಡಬಾರದೆಂದು ಪ್ರವಾದಿ(ಸ)ರವರು ತಾಕೀತು ಮಾಡಿದ್ದರು.

ಸಂವಿಧಾನದ ಕರಡು ತಯಾರಾಗುತ್ತಿದ್ದಾಗ ಪ್ರಜೆಯ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆಗೆ ಎಂತಹ ಮಾತು ಬಳಸಬೇಕೆಂಬ ಚರ್ಚೆಯಾಯಿತು. ಅಮೆರಿಕದ ಸಂವಿಧಾನದಲ್ಲಿರುವಂತೆ ಕಾನೂನಿನ ಯುಕ್ತ ಪ್ರಕ್ರಿಯೆ ಎಂಬರ್ಥದ ಮಾತು ಮೊದಲು ಕರಡಿನಲ್ಲಿತ್ತು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು ನಮ್ಮ ಮಂಗಳೂರಿನ ಬೆನಗಲ್ ನರಸಿಂಗರಾಯರು. ಅವರು ಅಮೆರಿಕಕ್ಕೆ ಹೋಗಿದ್ದಾಗ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಅಂತಹ ಮಾತು ಬಳಸಿದರೆ ಜನಪ್ರತಿನಿಧಿಗಳು ಮಾಡಿದ ಕಾನೂನನ್ನು ಬೆರಳೆಣಿಕೆಯ ನ್ಯಾಯಾಧೀಶರು ತಳ್ಳಿ ಹಾಕುವಂತಾಗುತ್ತದೆ, ಅದು ಪ್ರಜಾಪ್ರಭುತ್ವಕ್ಕೆ ಹಿತವಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ಕೊನೆಗೆ ಜಪಾನಿನ ಸಂವಿಧಾನದ ಮಾದರಿಯಲ್ಲಿ, ಕಾನೂನಿನ ಮೂಲಕ ಸ್ಥಾಪಿತವಾದ ಕಾರ್ಯವಿಧಾನದ ಹೊರತು ಯಾರ ಸ್ವಾತಂತ್ರ್ಯವನ್ನೂ ಕಸಿಯಬಾರದೆಂಬ ಮಾತು 21ನೇ ವಿಧಿಯಾಗಿ ಉಳಿಯಿತು.

ಇಲ್ಲಿ ಕಾನೂನು ಎಂದರೇನು? ಸಂಸತ್ತು ಏನು ಬರೆದರೂ ಅದೇ ಕಾನೂನೇ? ಅಥವಾ ಕಾನೂನು ಎಂಬ ಪದದಲ್ಲೇ ನ್ಯಾಯದ ಒಂದಿಷ್ಟು ಅಂಶ ಅಡಗಿದೆಯೇ? ಈ ಪ್ರಶ್ನೆ ಪುಸ್ತಕದಲ್ಲಿ ಉಳಿಯಲಿಲ್ಲ. ಸಂವಿಧಾನ ಬಂದ ಕೆಲವೇ ವಾರಗಳಲ್ಲಿ ಒಬ್ಬ ಕೈದಿ ಅದನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟನು.

ಒಬ್ಬ ಕಮ್ಯುನಿಸ್ಟರ ಅರ್ಜಿ

ಆ ಕೈದಿ ಮಲಬಾರಿನ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್. 1947ರ ಡಿಸೆಂಬರಿನಿಂದಲೂ ಅವರನ್ನು ಒಂದಲ್ಲ ಒಂದು ಆದೇಶದಡಿ ಬಂಧನದಲ್ಲಿಡಲಾಗಿತ್ತು. 1950ರ ಫೆಬ್ರವರಿ ಕೊನೆಯಲ್ಲಿ ಸಂಸತ್ತು ಮುಂಜಾಗ್ರತಾ ಬಂಧನ ಕಾಯಿದೆಯನ್ನು ಮಾಡಿತು. ಅಪರಾಧ ಸಾಬೀತಾಗದಿದ್ದರೂ, ಮುಂದೆ ಅಪಾಯ ಮಾಡಬಹುದೆಂಬ ಸಂಶಯದಿಂದಲೇ ಒಬ್ಬನನ್ನು ಸೆರೆಯಲ್ಲಿಡಲು ಅದು ಸರಕಾರಕ್ಕೆ ಅಧಿಕಾರ ಕೊಟ್ಟಿತು. ಮಾರ್ಚ್ 1ರಂದು ಮದರಾಸು ಸರಕಾರ ಅದರಂತೆ ಗೋಪಾಲನ್‌ರಿಗೆ ಹೊಸ ಆದೇಶವನ್ನು ಜಾರಿ ಮಾಡಿತು. ಅವರು ನೇರವಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅವರ ಪರ ವಾದಿಸಿದ ಎಂ.ಕೆ. ನಂಬಿಯಾರ್ ಮಂಗಳೂರಿನಲ್ಲಿ ಹಲವು ವರ್ಷ ವಕೀಲಿ ನಡೆಸಿದ್ದವರು. ಸರಕಾರದ ಪರ ಅಟಾರ್ನಿ ಜನರಲ್ ಸೆತಲ್ವಾಡ್ ನಿಂತರು. ಕೋರ್ಟಿನ ಆರೂ ನ್ಯಾಯಾಧೀಶರು ಒಟ್ಟಿಗೆ ಕುಳಿತು ಕೇಳಿದರು.

ಆ ದಿನಗಳನ್ನು ನೆನೆಯಿರಿ. ವಿಭಜನೆಯ ಗಾಯ ಇನ್ನೂ ಮಾಗಿರಲಿಲ್ಲ. ತೆಲಂಗಾಣದಲ್ಲಿ ಕಮ್ಯುನಿಸ್ಟರ ಸಶಸ್ತ್ರ ಹೋರಾಟ ನಡೆದಿತ್ತು. ಸರಕಾರಕ್ಕೆ ಭಯವಿತ್ತು, ಜನರಿಗೂ ಭಯವಿತ್ತು. ದೇವರನ್ನೇ ನಂಬದ ಸಿದ್ಧಾಂತವೊಂದರ ನಾಯಕನಿಗೆ ನ್ಯಾಯ ಸಿಗದಿದ್ದರೆ ಮರುಗುವವರು ಕಡಿಮೆ. ಒಂದು ಜನಾಂಗದ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ವಿಮುಖಗೊಳಿಸದಿರಲೆಂಬ ಸೂರಃ ಅಲ್‌ಮಾಇದದ ಆಜ್ಞೆ ಇಂತಹ ಸಂದರ್ಭಕ್ಕೆಂದೇ ಇದೆ. ನಮಗೆ ಇಷ್ಟವಾದವರಿಗೆ ನ್ಯಾಯ ಕೊಡುವುದರಲ್ಲಿ ಯಾವ ಪರೀಕ್ಷೆಯೂ ಇಲ್ಲ.

ಭಿನ್ನ ತೀರ್ಪು

1950ರ ಮೇ 19ರಂದು ತೀರ್ಪು ಬಂತು. ಒಂದು ವಿಷಯದಲ್ಲಿ ಆರೂ ಮಂದಿ ಒಮ್ಮತದಿಂದಿದ್ದರು. ಬಂಧನದ ಕಾರಣಗಳನ್ನು ಕೋರ್ಟಿನ ಮುಂದೆಯೂ ಹೇಳಬಾರದೆಂದು ಕಾಯಿದೆಯ 14ನೇ ಕಲಂ ನಿಷೇಧಿಸಿತ್ತು. ಅದನ್ನು ಎಲ್ಲರೂ ರದ್ದು ಮಾಡಿದರು. ಆದರೆ ಕಾಯಿದೆಯ ಉಳಿದ ಭಾಗವನ್ನು ಬಹುಮತ ಎತ್ತಿಹಿಡಿಯಿತು. ಗೋಪಾಲನ್ ಸೆರೆಯಲ್ಲೇ ಉಳಿದರು.

ಬಹುಮತದ ನ್ಯಾಯಾಧೀಶರು ನ್ಯಾಯ ತಿಳಿಯದವರಾಗಿರಲಿಲ್ಲ. ಸಂವಿಧಾನ ರಚಿಸಿದವರು ಅಮೆರಿಕದ ಮಾತನ್ನು ತಿಳಿದೇ ಕೈಬಿಟ್ಟಿದ್ದಾರೆ, ಆದ್ದರಿಂದ 21ನೇ ವಿಧಿಯಲ್ಲಿ ಕಾನೂನು ಎಂದರೆ ಶಾಸಕಾಂಗ ಮಾಡಿದ ಕಾನೂನು ಎಂದಷ್ಟೇ ಅರ್ಥ ಮಾಡಬೇಕೆಂಬುದು ಅವರ ನಿಲುವು. ಸಹಜ ನ್ಯಾಯ ಎಂಬ ಗೆರೆ ಸ್ಪಷ್ಟವಿಲ್ಲದ ಮಾತನ್ನು ಅದರೊಳಗೆ ಸೇರಿಸಿದರೆ, ನ್ಯಾಯಾಧೀಶರು ತಮ್ಮ ಅಭಿಪ್ರಾಯವನ್ನೇ ಕಾನೂನೆಂದು ಹೇರಿದಂತಾಗುತ್ತದೆಂದು ಅವರು ಭಾವಿಸಿದರು. ಇದು ತಳ್ಳಿಹಾಕುವಂತಹ ವಾದವಲ್ಲ.

ಫಝಲ್ ಅಲಿಯವರು ಅದನ್ನು ಪೂರ್ತಿಯಾಗಿ ಎದುರಿಸಿದರು. ಅವರು ಮೂರು ಮುಖ್ಯ ವಿಚಾರಗಳನ್ನು ಬರೆದಿಟ್ಟರು. ಮೊದಲನೆಯದಾಗಿ, ಕಾನೂನು ಎಂಬ ಪದ ನ್ಯಾಯದ ಮೂಲತತ್ವಗಳನ್ನು ಹೊರಗಿಡುವುದಿಲ್ಲ. ಎಲ್ಲ ಸುಸಂಸ್ಕೃತ ನ್ಯಾಯಪದ್ಧತಿಗಳಲ್ಲೂ ಇರುವ ನಾಲ್ಕು ಅಂಶಗಳು ಕಾರ್ಯವಿಧಾನ ಎಂಬ ಮಾತಿನಲ್ಲೇ ಸೇರಿವೆ. ಅವೆಂದರೆ ವ್ಯಕ್ತಿಗೆ ನೋಟೀಸು, ತನ್ನ ಮಾತು ಹೇಳಿಕೊಳ್ಳುವ ಅವಕಾಶ, ನಿಷ್ಪಕ್ಷಪಾತಿಯಾದ ನ್ಯಾಯಮಂಡಳಿ ಮತ್ತು ಕ್ರಮಬದ್ಧವಾದ ವಿಚಾರಣೆ. ಇವಿಲ್ಲದ್ದನ್ನು ಕಾರ್ಯವಿಧಾನವೆಂದು ಕರೆಯಲಾಗದು.

ಎರಡನೆಯದಾಗಿ, ಸಂವಿಧಾನದ ಹಕ್ಕುಗಳು ಒಂದಕ್ಕೊಂದು ಸಂಬಂಧವಿಲ್ಲದ ಪ್ರತ್ಯೇಕ ಕೋಣೆಗಳಲ್ಲ. ಸೆರೆಯಲ್ಲಿಟ್ಟವನ ಸಂಚಾರದ ಹಕ್ಕು ಕೂಡ ಹೋಗುತ್ತದೆ. ಹಾಗಾಗಿ ಆ ನಿರ್ಬಂಧ ಸಮಂಜಸವೇ ಎಂದು ನೋಡುವ ಅಧಿಕಾರ ಕೋರ್ಟಿಗಿದೆ.

ಮೂರನೆಯದು ಬರೀ ಒಂದು ಪದದ ವಿಷಯ. ಸಲಹಾ ಮಂಡಳಿಯ ಮುಂದೆ ತಾರದೆಯೇ ಒಬ್ಬನನ್ನು ಮೂರು ತಿಂಗಳಿಗಿಂತ ಹೆಚ್ಚು ಕಾಲ ಬಂಧಿಸಿಡಲು, ಯಾವ ಸಂದರ್ಭದಲ್ಲಿ ಮತ್ತು ಯಾವ ವರ್ಗದ ಪ್ರಕರಣಗಳಲ್ಲಿ ಹಾಗೆ ಮಾಡಬಹುದೆಂದು ಸಂಸತ್ತು ನಿಗದಿಪಡಿಸಬೇಕೆಂದು 22ನೇ ವಿಧಿ ಹೇಳುತ್ತದೆ. ಅಲ್ಲಿರುವ ಮತ್ತು ಎಂಬುದನ್ನು ಬಹುಮತದವರು ಅಥವಾ ಎಂದು ಓದಿದರು. ಎರಡರಲ್ಲಿ ಒಂದನ್ನು ಹೇಳಿದರೆ ಸಾಕೆಂದರು. ಫಝಲ್ ಅಲಿ ಮತ್ತು ಮಹಾಜನ್ ಇಬ್ಬರೂ ಇದನ್ನು ಒಪ್ಪಲಿಲ್ಲ. ಮತ್ತು ಎಂದರೆ ಎರಡೂ ಬೇಕು, ಒಂದನ್ನು ಬಿಟ್ಟು ಒಂದು ಸಾಲದು ಎಂಬುದು ಅವರ ನಿಲುವು. ಕಾಯಿದೆಯ 12ನೇ ಕಲಂ ಈ ಷರತ್ತನ್ನು ಪೂರೈಸದ ಕಾರಣ ಅದು ಅಸಿಂಧುವೆಂದರು. ನಾಲ್ಕು ವರ್ಷಗಳ ಹಿಂದೆ ನಾವಿಕರ ಅಳಲನ್ನು ಒಟ್ಟಿಗೆ ಕೇಳಿದ್ದ ಇಬ್ಬರು ಇಲ್ಲಿ ಮತ್ತೆ ಜೊತೆಯಾದರು. ಆದರೆ ಮೊದಲ ವಿಚಾರದಲ್ಲಿ, ಅಂದರೆ ಕಾನೂನಿನ ಒಳಗೇ ನ್ಯಾಯದ ತತ್ವಗಳಿವೆಯೆಂಬ ವಿಚಾರದಲ್ಲಿ, ಫಝಲ್ ಅಲಿಯವರು ಒಂಟಿಯಾಗಿಯೇ ನಿಂತರು.

ಕಾನೂನಿನಲ್ಲಿರುವ ಒಂದು ಸಣ್ಣ ಪದದ ಮೇಲೆ ಒಬ್ಬ ಮನುಷ್ಯನ ಒಂದು ವರ್ಷದ ಸೆರೆವಾಸ ನಿಂತಿರುತ್ತದೆ. ಅರ್ಥ ಹೇಳುವವನ ಹೊಣೆ ಎಷ್ಟು ಭಾರವೆಂಬುದು ಇದರಿಂದ ತಿಳಿಯುತ್ತದೆ. ಫಝಲ್ ಅಲಿಯವರು ಪದವನ್ನು ಬಿಟ್ಟು ತಮ್ಮ ಮನಸ್ಸಿನ ಕಡೆಗೆ ಹೋಗಲಿಲ್ಲ. ಪದವನ್ನೇ ಇನ್ನಷ್ಟು ಗಂಭೀರವಾಗಿ ಹಿಡಿದರು. ಸೋತ ಮೇಲೆ ಬೀದಿಗಿಳಿಯಲಿಲ್ಲ, ಪತ್ರಿಕೆಗೆ ಹೇಳಿಕೆ ಕೊಡಲಿಲ್ಲ. ಬಹುಮತದ ತೀರ್ಪು ಕಾನೂನಾಯಿತೆಂದು ಒಪ್ಪಿ ಮರುದಿನದ ಕೆಲಸಕ್ಕೆ ಕುಳಿತರು.

ಸರಕಾರದ ಪರ ನಿಂತಾಗ

ಇದರಿಂದ ಅವರು ಯಾವಾಗಲೂ ಸರಕಾರಕ್ಕೆ ವಿರುದ್ಧವಾಗಿ ತೀರ್ಪು ಕೊಡುತ್ತಿದ್ದರೆಂದು ಭಾವಿಸಬಾರದು. ಗೋಪಾಲನ್ ತೀರ್ಪಿನ ಒಂದು ವಾರದ ನಂತರ, ಮೇ 26ರಂದು, ಎರಡು ಪತ್ರಿಕೆಗಳ ಪ್ರಕರಣಗಳ ತೀರ್ಪು ಬಂತು. ಎಡಪಂಥೀಯ ಪತ್ರಿಕೆ ಕ್ರಾಸ್ ರೋಡ್ಸ್‌ನ ಪ್ರವೇಶವನ್ನು ಮದರಾಸು ಸರಕಾರ ನಿಷೇಧಿಸಿತ್ತು. ದಿಲ್ಲಿಯಲ್ಲಿ ಆರ್ಗನೈಸರ್ ಪತ್ರಿಕೆಯ ಮೇಲೆ ಪ್ರಕಟಣೆಗೆ ಮುನ್ನವೇ ಪರಿಶೀಲನೆಯ ಆಜ್ಞೆಯಿತ್ತು. ಬಹುಮತವು ಎರಡೂ ಕಡೆ ಪತ್ರಿಕೆಯ ಪರ ತೀರ್ಪಿತ್ತಿತು. ಫಝಲ್ ಅಲಿಯವರು ಎರಡರಲ್ಲೂ ಭಿನ್ನಮತ ಬರೆದರು. ಸಾರ್ವಜನಿಕ ಶಾಂತಿ ಕದಡಿದರೆ ರಾಷ್ಟ್ರದ ಭದ್ರತೆಯೂ ಅಲುಗುತ್ತದೆ, ಆದ್ದರಿಂದ ಸಂವಿಧಾನದ ಮಾತನ್ನು ಅಷ್ಟು ಇಕ್ಕಟ್ಟಾಗಿ ಓದಬಾರದೆಂಬುದು ಅವರ ಅಭಿಪ್ರಾಯ. 1951ರಲ್ಲಿ ಸಂಸತ್ತು ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು ಸಾರ್ವಜನಿಕ ಶಾಂತಿಯ ಮಾತನ್ನು ಸೇರಿಸಿತು.

ಈ ವಿಷಯದಲ್ಲಿ ಫಝಲ್ ಅಲಿಯವರು ತಪ್ಪಿದರೆಂದು ಹೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಪತ್ರಿಕೆಯ ಬಾಯಿ ಮುಚ್ಚಿಸುವ ಅಧಿಕಾರ ಎಷ್ಟು ಸುಲಭವಾಗಿ ದುರುಪಯೋಗವಾಗುತ್ತದೆಂದು ಕಂಡ ನಮಗೆ ಬಹುಮತದ ಮಾತೇ ಸರಿಯೆನಿಸಬಹುದು. ನ್ಯಾಯಾಧೀಶನು ಮನುಷ್ಯ, ಅವನು ತಪ್ಪಬಲ್ಲನು. ಅದಕ್ಕಾಗಿಯೇ ತಪ್ಪಿದವನಿಗೂ ಒಂದು ಪ್ರತಿಫಲದ ಮಾತು ಬಂದಿದೆ. ಆದರೆ ಆ ಪ್ರತಿಫಲ ಪ್ರಾಮಾಣಿಕ ಶ್ರಮಕ್ಕೆ ಮಾತ್ರ. ಒಂದು ಪತ್ರಿಕೆ ಎಡಪಂಥದ್ದು, ಇನ್ನೊಂದು ಅದಕ್ಕೆ ಪೂರ್ತಿ ವಿರುದ್ಧವಾದ ಪಂಥದ್ದು. ಎರಡಕ್ಕೂ ಅವರು ಹಿಡಿದ ಅಳತೆಗೋಲು ಒಂದೇ ಆಗಿತ್ತು ಎಂಬುದು ಗಮನಾರ್ಹ.

ಮದ್ಯ ಮತ್ತು ಔಷಧ

1951ರ ಮೇ 25ರ ತೀರ್ಪೊಂದು ನಮ್ಮ ಓದುಗರಿಗೆ ವಿಶೇಷ ಆಸಕ್ತಿಯದು. ಮುಂಬಯಿ ಸರಕಾರ 1949ರಲ್ಲಿ ಪಾನನಿಷೇಧ ಕಾಯಿದೆ ಮಾಡಿತ್ತು. ಆಗ ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿ, ಧಾರವಾಡ, ಬಿಜಾಪುರ (ಇಂದಿನ ವಿಜಯಪುರ) ಮತ್ತು ಉತ್ತರ ಕನ್ನಡ ಜಿಲ್ಲೆಗಳಿಗೂ ಅದು ಅನ್ವಯಿಸುತ್ತಿತ್ತು. ಬಾಲ್ಸಾರಾ ಎಂಬವರು ಕೋರ್ಟಿಗೆ ಹೋಗಿ, ವಿಸ್ಕಿ, ಬ್ರಾಂದಿಗಳ ಜೊತೆ ಕಲೋನ್ ಸುಗಂಧ ಹಾಗೂ ಔಷಧಯುಕ್ತ ದ್ರವಗಳನ್ನು ಇಟ್ಟುಕೊಳ್ಳುವುದು ತಮ್ಮ ಹಕ್ಕೆಂದು ವಾದಿಸಿದರು. ಸುಪ್ರೀಂ ಕೋರ್ಟಿನ ತೀರ್ಪನ್ನು ಎಲ್ಲರ ಪರವಾಗಿ ಬರೆದವರು ಫಝಲ್ ಅಲಿ.

ಮದ್ಯ ಮುಸ್ಲಿಮರಿಗೆ ನಿಷಿದ್ಧ. ಹಾಗೆಂದು ಆ ತೀರ್ಪಿನಲ್ಲಿ ಧರ್ಮದ ಮಾತಿಲ್ಲ. ಅವರ ಮುಂದಿದ್ದ ಪ್ರಶ್ನೆ ಬೇರೆ: ಶಾಸಕಾಂಗಕ್ಕೆ ಈ ಅಧಿಕಾರವಿದೆಯೇ, ಮತ್ತು ಅದು ತನ್ನ ಮೇರೆಯನ್ನು ದಾಟಿದೆಯೇ? ಪಾನನಿಷೇಧ ಮಾಡಲು ಅಧಿಕಾರವಿದೆಯೆಂದು ಅವರು ಎತ್ತಿಹಿಡಿದರು. ಆದರೆ ಆಲ್ಕೋಹಾಲ್ ಸೇರಿದ ಔಷಧ ಮತ್ತು ಪ್ರಸಾಧನಗಳ ನ್ಯಾಯವಾದ ಬಳಕೆಯನ್ನೂ ನಿಷೇಧಿಸಿದ್ದು ಅತಿಯಾಯಿತೆಂದು ಆ ಭಾಗವನ್ನು ಬೇರ್ಪಡಿಸಿ ರದ್ದು ಮಾಡಿದರು. ಪಾನನಿಷೇಧದ ಗುರಿಯನ್ನು ಹೇಳುವ ಸಂವಿಧಾನದ 47ನೇ ವಿಧಿಯೇ ಔಷಧದ ಬಳಕೆಯನ್ನು ಹೊರತುಪಡಿಸಿದೆ. ಒಳ್ಳೆಯ ಉದ್ದೇಶದ ಕಾನೂನಾದರೂ ಹದ ಮೀರಬಾರದು, ಮೀರಿದ ಭಾಗವನ್ನು ಕತ್ತರಿಸಿ ಉಳಿದುದನ್ನು ಉಳಿಸಬೇಕು ಎಂಬ ಪಾಠ ಇದರಲ್ಲಿದೆ.

1952ರ ಜನವರಿಯಲ್ಲಿ, ದೇಶದ ಮೊದಲ ಮಹಾಚುನಾವಣೆ ನಡೆಯುತ್ತಿದ್ದಾಗ, ಅವರು ಇನ್ನೊಂದು ಮುಖ್ಯ ತೀರ್ಪು ಬರೆದರು. ಮದರಾಸಿನ ನಾಮಕ್ಕಲ್ ಕ್ಷೇತ್ರದಲ್ಲಿ ಪೊನ್ನುಸ್ವಾಮಿ ಎಂಬ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಗಿತ್ತು. ಚುನಾವಣೆ ಎಂದರೆ ಬರೀ ಮತದಾನವಲ್ಲ, ಅಧಿಸೂಚನೆಯಿಂದ ಫಲಿತಾಂಶದ ತನಕದ ಇಡೀ ಪ್ರಕ್ರಿಯೆ, ಅದರ ನಡುವೆ ಕೋರ್ಟು ಕೈಹಾಕಬಾರದು, ತಕರಾರಿದ್ದರೆ ಚುನಾವಣೆ ಮುಗಿದ ಮೇಲೆ ಅರ್ಜಿ ಹಾಕಬೇಕು ಎಂದು ಅವರು ಅರ್ಥ ಹೇಳಿದರು. ಇಂದಿಗೂ ನಮ್ಮ ಕೋರ್ಟುಗಳು ಇದನ್ನೇ ಆಧಾರವಾಗಿ ಹಿಡಿಯುತ್ತವೆ. ಪ್ರಜೆಯ ಸ್ವಾತಂತ್ರ್ಯಕ್ಕಾಗಿ ಕೋರ್ಟಿನ ಬಾಗಿಲು ತೆರೆಯಬೇಕೆಂದ ಅದೇ ವ್ಯಕ್ತಿ, ಜನರು ತಮ್ಮ ಪ್ರತಿನಿಧಿಯನ್ನು ಆರಿಸುವ ಕೆಲಸಕ್ಕೆ ಕೋರ್ಟು ಅಡ್ಡಿಯಾಗಬಾರದೆಂದೂ ಹೇಳಿದರು. ಅಧಿಕಾರವಿದ್ದಾಗ ಅದನ್ನು ಬಳಸದಿರುವುದಕ್ಕೂ ಧೈರ್ಯ ಬೇಕು.

ಎಲ್ಲರ ಮಾತು ಕೇಳಿದ ಆಯೋಗ

1952ರಲ್ಲಿ ಅವರು ಒರಿಸ್ಸಾದ ರಾಜ್ಯಪಾಲರಾದರು. 1953ರ ಡಿಸೆಂಬರಿನಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ಅಧ್ಯಕ್ಷತೆ ಅವರಿಗೆ ಬಂತು. ಹೃದಯನಾಥ ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಸದಸ್ಯರು. ಆಯೋಗಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮನವಿಗಳು ಬಂದವು. ಅದು 104 ಸ್ಥಳಗಳಿಗೆ ಹೋಗಿ 9,000ಕ್ಕೂ ಹೆಚ್ಚು ಜನರನ್ನು ಕಂಡು ಮಾತು ಕೇಳಿತು. ಕೇಳದೆ ತೀರ್ಪಿಲ್ಲ ಎಂಬ ಮಾತನ್ನು ತೀರ್ಪಿನಲ್ಲಿ ಬರೆದಿದ್ದವರು ಇಲ್ಲಿ ಅದನ್ನು ದೇಶದುದ್ದಕ್ಕೂ ನಡೆದು ತೋರಿಸಿದರು.

1955ರ ಸೆಪ್ಟೆಂಬರ್ 30ರಂದು ವರದಿ ಸಲ್ಲಿಸಲಾಯಿತು. ಹಳೆಯ ಮೈಸೂರಿನಲ್ಲಿ ಏಕೀಕರಣಕ್ಕೆ ವಿರೋಧವಿದ್ದರೂ ಕನ್ನಡಿಗರಿಗೆ ಒಂದೇ ರಾಜ್ಯವಿರಬೇಕೆಂದು ಆಯೋಗ ಶಿಫಾರಸು ಮಾಡಿತು. ಕಾಸರಗೋಡನ್ನು ಕೇರಳಕ್ಕೆ ಸೇರಿಸಬೇಕೆಂದೂ ಬಳ್ಳಾರಿಯ ಕೆಲವು ತಾಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದೂ ಅದು ಹೇಳಿದ್ದು ಕನ್ನಡಿಗರಿಗೆ ನೋವು ತಂದಿತು. ಬಳ್ಳಾರಿಯ ವಿಷಯದ ಶಿಫಾರಸನ್ನು ಸರಕಾರ ಒಪ್ಪಲಿಲ್ಲ. ಕಾಸರಗೋಡು ಕೇರಳಕ್ಕೆ ಹೋಯಿತು. 1956ರ ನವೆಂಬರ್ 1ರಂದು ಕನ್ನಡಿಗರ ರಾಜ್ಯ ಹುಟ್ಟಿತು.

ಈ ಆಯೋಗದ ಕೆಲಸದಲ್ಲಿ ಒಂದು ಸಂಗತಿ ಹೆಚ್ಚು ಜನರಿಗೆ ತಿಳಿದಿಲ್ಲ. ಬಿಹಾರಕ್ಕೂ ಪಶ್ಚಿಮ ಬಂಗಾಳ, ಒರಿಸ್ಸಾಗಳಿಗೂ ನಡುವಿನ ಗಡಿ ತಕರಾರುಗಳ ವಿಚಾರಣೆಯಿಂದ ಫಝಲ್ ಅಲಿಯವರು ದೂರ ಉಳಿದರು. ಬಿಹಾರದೊಂದಿಗೆ ತಮಗೆ ದೀರ್ಘ ಕಾಲದ ಸಂಬಂಧವಿದೆಯೆಂಬುದೇ ಅದಕ್ಕೆ ಕಾರಣ. ಅಧ್ಯಕ್ಷರೇ ಆಗಿದ್ದರೂ ತಮ್ಮ ನಾಡಿನ ವಿಷಯ ಬಂದಾಗ ಪೀಠದಿಂದ ಎದ್ದು ಪಕ್ಕಕ್ಕೆ ಸರಿದರು. ಸ್ವಂತದವರ ವಿಷಯದಲ್ಲೂ ನ್ಯಾಯದ ಪರ ನಿಲ್ಲಬೇಕೆಂಬ ಕುರ್‌ಆನಿನ ಆಜ್ಞೆಯನ್ನು ನಾವು ಓದುತ್ತೇವೆ. ಪಾಲಿಸುವ ಒಂದು ದಾರಿ ಇದು. ಹಿಮಾಚಲ ಪ್ರದೇಶದ ವಿಷಯದಲ್ಲಿ ಇಬ್ಬರು ಸದಸ್ಯರು ಪಂಜಾಬಿಗೆ ಸೇರಿಸಬೇಕೆಂದಾಗ ಅವರು ಇಲ್ಲಿಯೂ ಪ್ರತ್ಯೇಕ ಟಿಪ್ಪಣಿ ಬರೆದು ಅದು ಬೇರೆಯಾಗಿಯೇ ಉಳಿಯಲೆಂದರು. ಹಿಮಾಚಲ ಉಳಿಯಿತು, 1971ರಲ್ಲಿ ಪೂರ್ಣ ರಾಜ್ಯವೂ ಆಯಿತು.

1956ರಲ್ಲಿ ಅವರಿಗೆ ಪದ್ಮವಿಭೂಷಣ ದೊರೆಯಿತು. ಅದೇ ವರ್ಷ ಅವರು ಅಸ್ಸಾಮಿನ ರಾಜ್ಯಪಾಲರಾದರು. ನಾಗಾ ಗುಡ್ಡಗಳಲ್ಲಿ ಬಂಡಾಯ ಹೊತ್ತಿ ಉರಿಯುತ್ತಿದ್ದ ಕಾಲವದು. ಆ ಜನರನ್ನು ಮಾತುಕತೆಯ ದಾರಿಗೆ ತರಲು ಅವರು ಶ್ರಮಿಸಿದರು. 1959ರ ಆಗಸ್ಟ್ 22ರಂದು, ಅದೇ ಹುದ್ದೆಯಲ್ಲಿರುವಾಗಲೇ ಅವರು ನಿಧನರಾದರು. ನಾಗಾಲ್ಯಾಂಡಿನ ಮೊಕೊಕ್‌ಚುಂಗ್ ಊರಿನ ಕಾಲೇಜೊಂದು ಇಂದಿಗೂ ಅವರ ಹೆಸರಿನಲ್ಲಿದೆ.

ಇಪ್ಪತ್ತೆಂಟು ವರ್ಷಗಳ ನಂತರ

ಅವರು ತೀರಿಕೊಂಡಾಗ ಗೋಪಾಲನ್ ಪ್ರಕರಣದ ಬಹುಮತದ ತೀರ್ಪೇ ಕಾನೂನಾಗಿತ್ತು. ಗೋಪಾಲನ್‌ರು ಬೇರೆ ರೀತಿಯಲ್ಲಿ ಬಿಡುಗಡೆ ಹೊಂದಿ 1952ರಲ್ಲೇ ಲೋಕಸಭೆಯ ಸದಸ್ಯರಾಗಿದ್ದರು. ಭಿನ್ನ ತೀರ್ಪು ಕಾನೂನು ಪುಸ್ತಕದ ಹಾಳೆಗಳಲ್ಲಿ ಮಲಗಿತ್ತು. ನಂತರ ಒಂದೊಂದಾಗಿ ಬಾಗಿಲುಗಳು ತೆರೆದವು.

1970ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣದ ಪ್ರಕರಣದಲ್ಲಿ, ಹಕ್ಕುಗಳು ಪ್ರತ್ಯೇಕ ಕೋಣೆಗಳಲ್ಲವೆಂಬ ವಿಚಾರವನ್ನು ಸುಪ್ರೀಂ ಕೋರ್ಟು ಒಪ್ಪಿತು. 1973ರಲ್ಲಿ ಶಂಭುನಾಥ್ ಸರ್ಕಾರ್ ಪ್ರಕರಣದಲ್ಲಿ ಏಳು ನ್ಯಾಯಾಧೀಶರ ಪೀಠವು, ಮತ್ತು ಎಂದರೆ ಮತ್ತು ಎಂದೇ ಅರ್ಥವೆಂದು ಹೇಳಿ ಫಝಲ್ ಅಲಿ ಮತ್ತು ಮಹಾಜನ್‌ರ ಓದನ್ನು ಎತ್ತಿಹಿಡಿಯಿತು. ಆದರೆ 1976ರಲ್ಲಿ, ತುರ್ತು ಪರಿಸ್ಥಿತಿಯ ಕತ್ತಲೆಯಲ್ಲಿ, ಬಂಧಿತನು ಕೋರ್ಟಿನ ಬಾಗಿಲು ತಟ್ಟುವಂತೆಯೂ ಇಲ್ಲವೆಂದು ಅದೇ ಕೋರ್ಟಿನ ನಾಲ್ವರು ಹೇಳಿದರು. ಅಂದು ಭಿನ್ನಮತ ಬರೆದವರು ನ್ಯಾಯಮೂರ್ತಿ ಖನ್ನಾ ಒಬ್ಬರೇ. ಕಾನೂನು ಎಂದರೆ ಅಧಿಕಾರಸ್ಥರು ಬರೆದದ್ದಷ್ಟೇ ಎಂದು ಒಪ್ಪಿಕೊಂಡರೆ ಅದರ ಕೊನೆ ಎಲ್ಲಿಗೆ ಮುಟ್ಟುತ್ತದೆಂಬುದನ್ನು ದೇಶ ಕಂಡಿತು.

1978ರ ಜನವರಿ 25ರಂದು, ಕಾರಣ ಹೇಳದೆ ಪಾಸ್‌ಪೋರ್ಟ್ ಕಸಿದುಕೊಂಡ ಮೇನಕಾ ಗಾಂಧಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತನ್ನ ಮಾತನ್ನು ತಿದ್ದಿಕೊಂಡಿತು. ಕಾರ್ಯವಿಧಾನವೆಂದರೆ ಯಾವುದೋ ಒಂದು ವಿಧಾನವಲ್ಲ, ಅದು ನ್ಯಾಯಯುತವೂ ಸಮಂಜಸವೂ ಆಗಿರಬೇಕೆಂದು ಸಾರಿತು. ಇಪ್ಪತ್ತೆಂಟು ವರ್ಷಗಳ ಹಿಂದೆ ಒಂಟಿಯಾಗಿದ್ದ ಮಾತು ಹೀಗೆ ದೇಶದ ಮಾತಾಯಿತು. 2017ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಒಂಬತ್ತು ನ್ಯಾಯಾಧೀಶರು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿದಾಗ, ಫಝಲ್ ಅಲಿಯವರ ಭಿನ್ನ ತೀರ್ಪನ್ನು ಗೌರವದಿಂದ ಸ್ಮರಿಸಲಾಯಿತು.

ನಮ್ಮ ಮನೆ, ನಮ್ಮ ಜಮಾಅತ್

ಓದುಗ ಬಂಧುಗಳೇ, ನಾವು ಯಾರೂ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಲ್ಲ. ಆದರೆ ತೀರ್ಪು ಕೊಡದ ಮನೆ ಯಾವುದಿದೆ? ಅತ್ತೆ ಸೊಸೆಯ ಮಾತು ಬಂದಾಗ, ಮಕ್ಕಳು ಜಗಳವಾಡಿ ಬಂದಾಗ, ಅಣ್ಣ ತಮ್ಮಂದಿರು ಆಸ್ತಿ ಹಂಚಿಕೊಳ್ಳುವಾಗ ಮನೆಯ ಹಿರಿಯನೇ ಖಾಝಿ. ಮೊಹಲ್ಲಾದ ಜಮಾಅತ್ ಕಮಿಟಿಯ ಮುಂದೆ ಗಂಡ ಹೆಂಡಿರ ವಿವಾದ ಬರುತ್ತದೆ. ಗಂಡಿನ ಕಡೆಯವರು ಬಂದು ಕುಳಿತು ಮಾತಾಡುತ್ತಾರೆ. ಹೆಣ್ಣಿನ ಮಾತನ್ನು ಅವಳ ಬಾಯಿಯಿಂದಲೇ ಕೇಳಿದವರೆಷ್ಟು? ಅವಳ ಮೇಲಿನ ದೂರೇನೆಂದು ಅವಳಿಗೆ ತಿಳಿಸಿದವರೆಷ್ಟು? ತೀರ್ಮಾನ ಹೇಳುವವನು ಗಂಡನ ಹತ್ತಿರದ ಬಂಧುವಾಗಿದ್ದರೆ ಪಕ್ಕಕ್ಕೆ ಸರಿದದ್ದುಂಟೇ? ತಿಳಿಸುವುದು, ಕೇಳುವುದು, ಪಕ್ಷಪಾತ ಬಿಡುವುದು, ಕ್ರಮದಿಂದ ವಿಚಾರಿಸುವುದು ಎಂಬ ಫಝಲ್ ಅಲಿಯವರ ನಾಲ್ಕು ಅಂಶಗಳು ದಿಲ್ಲಿಯ ಕೋರ್ಟಿಗಷ್ಟೇ ಬೇಕಾದವಲ್ಲ.

ಇನ್ನೊಂದು ಪಾಠವೂ ಇದೆ. ಸಭೆಯಲ್ಲಿ ಎಲ್ಲರೂ ಒಂದು ಕಡೆ ತಲೆಯಾಡಿಸುವಾಗ, ಸತ್ಯ ಬೇರೆಯಿದೆಯೆಂದು ಮನಸ್ಸಿಗೆ ಖಚಿತವಾದರೆ ಸೌಮ್ಯವಾಗಿ ಅದನ್ನು ಹೇಳಿ ದಾಖಲಿಸಬೇಕು. ಗೆಲ್ಲುವುದು ನಮ್ಮ ಹೊಣೆಯಲ್ಲ. ಸಾಕ್ಷ್ಯವನ್ನು ಮರೆಮಾಚದಿರುವುದು ನಮ್ಮ ಹೊಣೆ. ಸತ್ಯದ ಮಾತು ಒಂದು ಅಮಾನತು. ಅದನ್ನು ಒಪ್ಪಿಸಿದವನು ತೀರಿಹೋದ ಮೇಲೂ ಅದು ಫಲ ಕೊಡಬಹುದು. ಈ ಲೋಕದಲ್ಲಿ ಕೊಡದಿದ್ದರೂ ಎಲ್ಲ ತೀರ್ಪುಗಳ ಮೇಲಿನ ತೀರ್ಪಿನ ದಿನ ಅದು ವ್ಯರ್ಥವಾಗದು.

ಅಲ್ಲಾಹನು ನಮಗೆ ಇಷ್ಟವಿಲ್ಲದವರಿಗೂ ನ್ಯಾಯ ಸಲ್ಲಿಸುವ ಮನಸ್ಸನ್ನು ಕರುಣಿಸಲಿ. ಆಮೀನ್.